ಅಂಗಳಕ್ಕೆ ಬಿದ್ದ ಕೆಂಪು ಗೂಟಗಳು

ಬಿಂಡಿಗನವಿಲೆಯ ತಿಮ್ಮರಾಜು ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದ. ಹೊಸ ಮನೆಯ ಗೃಹಪ್ರವೇಶ ಮುಗಿದ ಮೇಲೆ ಮನೆ ಮುಂದೆ ಉಳಿದದ್ದು ಜಲ್ಲಿ ಗುಡ್ಡೆ, ಹಳೇ ಮನೆಯ ಒಡಕು ಹೆಂಚು ಮತ್ತು ಒಂದು ಹುಲ್ಲುಕಡ್ಡಿಯೂ ಇಲ್ಲದ ಅಂಗಳ. ಪಾಂಡವಪುರದ ಛತ್ರವೊಂದರ ಮುಂದೆ ಕಂಡಿದ್ದ ಹಸಿರು ಹುಲ್ಲುಹಾಸು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಅಂಥದ್ದೇ ಬೇಕೆಂದು ಗಾರ್ಡನ್ ಮಾಡುವವನೊಬ್ಬನನ್ನು ಕರೆಸಿದ. ಅವನು ಟೇಪು ಹಿಡಿದು ಅಳೆದು ಚೀಟಿ ಬರೆದುಕೊಟ್ಟು ಹೋದ. ಚೀಟಿ ಓದಿದ ತಿಮ್ಮರಾಜು ಜಲ್ಲಿ ಗುಡ್ಡೆಯ ಮೇಲೇ ಕೂತ.

"ದಿನಾ ನೀರೆಷ್ಟು ಬೇಕಂತೆ?" ಹೆಂಡತಿ ಪವಿತ್ರ ಕೇಳಿದಳು.

"ನಾಕು ಡ್ರಮ್ಮಂತೆ ಕಣಮ್ಮಿ."

"ನಲ್ಲಿ ಬರೋದೇ ಮೂರು ದಿನಕ್ಕೊಂದ್ಸಲ. ಇರೋದ್ನೆಲ್ಲ ಹುಲ್ಗೆ ಉಯ್ದು ನಾವೇನು ಮಣ್ಣಲ್ಲಿ ಮೈ ತೊಳ್ಕಳನಾ? ಬುಡಿ, ಪ್ಲಾನು ನಾನೇ ಮಾಡ್ತೀನಿ."

ಪವಿತ್ರ ನಾಗಮಂಗಲದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಭಾನುವಾರ ಬೆಳಿಗ್ಗೆಯೇ ಸ್ಟೂಲು ಹಾಕಿಕೊಂಡು ಅಂಗಳದಲ್ಲಿ ಕೂತಳು. ಗಂಟೆಗೊಂದು ಸಲ ಎದ್ದು, ಮನೆಯ ನೆರಳು ಬಿದ್ದ ಕಡೆಯೆಲ್ಲ ಸುಣ್ಣದಲ್ಲಿ ಗೆರೆ ಎಳೆದಳು. ಬಚ್ಚಲ ನೀರು ಹರಿಯುವ ಜಾಗಕ್ಕೆ ಬಾಳೆ ಎಂದು ಬರೆದುಕೊಂಡಳು. ಅತ್ತೆ ಪುಟ್ಟತಾಯಮ್ಮ ಕೊಟ್ಟಿಗೆಗೆ ಹೋಗಿ ಬರುವಾಗ ಅವರ ಹಿಂದೆಯೇ ಸುಣ್ಣ ಉದುರಿಸುತ್ತಾ ನಡೆದಳು.

"ಇದೇನವ್ವ, ನನ್ ಹಿಂದೇನೇ ಗೆರೆ ಎಳ್ಕೊಂಡು ಬತ್ತಿದ್ದೀಯ?"

"ನೀವು ನಡ್ಯೋ ಕಡೇನೇ ಹೆಂಚು ಹಾಸಿ ದಾರಿ ಮಾಡನ ಅಂತ ಅತ್ತೆ. ಬೇರೆ ಕಡೆ ಮಾಡುದ್ರೆ ನೀವು ಗಿಡ ತುಳ್ಕೊಂಡೇ ಓಯ್ತೀರಿ."

ಪುಟ್ಟತಾಯಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಓಯ್ತೀನಿ ಕಣವ್ವ, ಸುಳ್ಳಾ? ಆದ್ರೆ ರಾಗಿ ಒಣಾಕೋ ಜಾಗ ಮಾತ್ರ ಮುಟ್ಬ್ಯಾಡ."

ಸಂಜೆಗೆ ಎಲ್ಲೆಲ್ಲಿ ಏನೇನು ಎಂದು ನಿಕ್ಕಿಯಾಯಿತು. ಪವಿತ್ರ ಹದಿನಾಲ್ಕು ಗೂಟ ಹೊಡೆದು ಒಂದೊಂದಕ್ಕೂ ನಂಬರು ಬರೆದಳು. ಅತ್ತೆ ಎಡವಬಾರದೆಂದು ಗೂಟಗಳ ತಲೆಗೆ ಕೆಂಪು ಬಟ್ಟೆ ಕಟ್ಟಿದಳು. ಕೊನೆಯ ಎರಡು ಗೂಟ ಪಕ್ಕದ ಓಣಿಯ ಬಾಯಿಗೆ ಬಿದ್ದವು.

ಓಣಿಯ ಆಚೆ ಮನೆ ನಂಜಪ್ಪನದು. ಊರೆಲ್ಲರಿಗೂ ಸೇರಿದ ಆ ಓಣಿಗೆ ನಾಲ್ಕಡಿ ಒಳಗೆ ಬಂದು ಕೂತಿತ್ತು ಅವನ ಹುಲ್ಲಿನ ಮೆದೆ. ಎಂಟು ವರ್ಷದಿಂದ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಸೋಮವಾರ ಬೆಳಿಗ್ಗೆ ಎದ್ದವನ ಕಣ್ಣಿಗೆ ಬಿಳಿ ಗೆರೆ, ಕೆಂಪು ಬಟ್ಟೆ, ನಂಬರು ಬಿದ್ದವು. ಮುಖವನ್ನೂ ತೊಳೆಯದೆ ಹೊರಟ.

"ರೋಡ್ ಸರ್ವೆ ಆಗೈತೆ" ಎಂದು ಟೀ ಅಂಗಡಿಯಲ್ಲಿ ಮೆಲ್ಲಗೆ ಅಂದ. ಹತ್ತು ಗಂಟೆಗೆ ಆ ರೋಡು ಜೋಡಿ ರಸ್ತೆಯಾಯಿತು. ಮಧ್ಯಾಹ್ನಕ್ಕೆ ಅದಕ್ಕೊಂದು ಸೇತುವೆ ಬಂತು. ಸಂಜೆಯೊಳಗೆ ಟೋಲ್ ಗೇಟೂ ಬಂದು, ಅಲ್ಲಿ ಯಾರಿಗೆ ಕೆಲಸ ಸಿಗುತ್ತದೆ ಎಂಬ ಜಗಳವೂ ಶುರುವಾಗಿತ್ತು. ನಂಜಪ್ಪ ಮಾತ್ರ ಯಾವ ಜಗಳಕ್ಕೂ ನಿಲ್ಲದೆ, ಆಫೀಸರು ಬರುವ ಮೊದಲೇ ಎಂದು, ಹೆಂಡತಿ ಮಂಗಳಮ್ಮನನ್ನು ಸೇರಿಸಿಕೊಂಡು ಇಡೀ ಮೆದೆಯನ್ನು ಹಿತ್ತಲಿಗೆ ಹೊತ್ತು ಹಾಕಿದ.

ಪವಿತ್ರ ಬಸ್ಸಿಳಿದು ಬಂದಾಗ ಓಣಿ ಗುಡಿಸಿಟ್ಟಂತಿತ್ತು. ಜಗಲಿಯ ಮೇಲೆ ಎದುರುಮನೆಯ ಚಿಕ್ಕಮಾದಯ್ಯ ತಾತ ಕಾದು ಕೂತಿದ್ದರು.

"ಓದಿದೋಳು ನೀನು, ನಿಜ ಹೇಳವ್ವ. ನಮ್ಮನೆ ಉಳೀತದಾ, ಓಯ್ತದಾ?"

"ಯಾತುಕ್ಕೆ ತಾತ?"

"ರೋಡ್ಗೆ! ಒಂಬತ್ತನೇ ನಂಬರು ನಮ್ಮನೆ ಕಡೀಕೇ ಮೊಖ ಮಾಡ್ಕೊಂಡದೆ."

"ಅಯ್ಯೋ, ಅದು ಕರಿಬೇವು ತಾತ! ಎಂಟು ನುಗ್ಗೆ, ಏಳು ದಾಸವಾಳ."

ಒಳಗೆ ಕಾಫಿ ಕುಡಿಯುತ್ತಿದ್ದ ತಿಮ್ಮರಾಜುವಿಗೆ ನಗು ಬಂದು ಕಾಫಿ ಮೂಗಿಗೆ ಹತ್ತಿತು. ಅಷ್ಟರಲ್ಲಿ ಸುದ್ದಿ ಕೇಳಿದ ನಂಜಪ್ಪ ಸೊಂಟ ಹಿಡಿದುಕೊಂಡು ಬಂದ.

"ನಗ್ತೀಯೇನ್ಲಾ ತಿಮ್ಮ! ನನ್ ಸೊಂಟ ಬಿದ್ದೋಯ್ತಲ್ಲೋ! ಈಗ್ಲೇ ಮೆದೆ ವಾಪಸ್ ಒಟ್ತೀನಿ, ನೋಡ್ತಿರು!"

ಒಟ್ಟಲು ಬಗ್ಗಬೇಕಲ್ಲ, ಬಗ್ಗಿದವನು ಅರ್ಧಕ್ಕೇ ನಿಂತುಬಿಟ್ಟ. ಪವಿತ್ರಳಿಗೆ ಮುಜುಗರವಾಯಿತು. ಅಕ್ಕಪಕ್ಕದವರಿಗೆ ಒಂದು ಮಾತು ಹೇಳಿದ್ದರೆ ಇಷ್ಟಾಗುತ್ತಿರಲಿಲ್ಲ. ಅವನನ್ನು ಹಿಡಿದು ತಂದು ಕೂರಿಸಿ, ಸೊಂಟಕ್ಕೆ ಬಿಸಿನೀರಿನ ಚೀಲ ಕೊಟ್ಟು, ನೋಟ್‌ಬುಕ್ಕು ಬಿಚ್ಚಿದಳು.

"ತಪ್ಪಾಯ್ತು ಮಾವ. ಈ ಎರಡು ಗೂಟ ಇಂಗುಗುಂಡಿಗೆ. ಮಳೆ ಬಂದ್ರೆ ನಮ್ ಸೂರಿನ ನೀರೆಲ್ಲ ಎಲ್ಲಿಗೆ ಓಯ್ತದೆ ಹೇಳಿ?"

ನಂಜಪ್ಪ ಓಣಿಯನ್ನೇ ನೋಡಿದ. "ನನ್ ಮೆದೆ ತಳಕ್ಕೆ" ಎಂದ, ಸಿಟ್ಟಿನಲ್ಲೇ. "ವರ್ಷಾ ವರ್ಷಾ ಎಲ್ಡು ಹೊರೆ ಕೊಳೀತದೆ. ಕುರೀನೂ ಮೂಸಲ್ಲ."

"ಗುಂಡಿ ತೋಡುದ್ರೆ ಆ ನೀರು ಅಲ್ಲೇ ಇಂಗ್ತದೆ. ಬೇಸಿಗೇಲೂ ಗಿಡದ ಬುಡ ತಂಪಾಗಿರ್ತದೆ. ಆದ್ರೆ ಓಣಿ ಖಾಲಿ ಇರ್ಬೇಕು."

ನಂಜಪ್ಪ ಬಿಸಿನೀರಿನ ಚೀಲವನ್ನು ಸೊಂಟದ ಇನ್ನೊಂದು ಬದಿಗೆ ಸರಿಸಿಕೊಂಡ. ಎಂಟು ವರ್ಷದ ನಾಲ್ಕಡಿಯನ್ನು ಬಾಯಿಬಿಟ್ಟು ಕೊಡುವುದು ಅವನಿಗೆ ಸುಲಭವಿರಲಿಲ್ಲ. ಮಂಗಳಮ್ಮ ಗೋಡೆಯಾಚೆಯಿಂದ ಕೂಗಿದಳು: "ಕೊಡ್ರೀ ಅತ್ಲಾಗೆ! ಇನ್ನೊಂದ್ಸಲ ಆ ಮೆದೆ ಹೊರೋಕೆ ನನ್ ಕೈಲಾಗಕಿಲ್ಲ!"

"ನನ್ ಸೂರಿನ ನೀರೂ ಅದುಕ್ಕೇ ಬುಡ್ಬೋದಾ?" ನಂಜಪ್ಪ ಕೇಳಿದ.

"ಬುಡಿ ಮಾವ."

"ಒಂದು ನಿಂಬೆ ಗಿಡ ನನ್ ಕಡೆಗಿರ್ಲಿ."

ಮುಂದಿನ ಭಾನುವಾರ ತಿಮ್ಮರಾಜು ಗುಂಡಿ ತೋಡಿ, ಮನೆ ಮುಂದಿನ ಜಲ್ಲಿಯನ್ನೇ ಅದರ ತಳಕ್ಕೆ ಸುರಿದ. ನಂಜಪ್ಪ ಮಂಚದ ಮೇಲೆ ಒರಗಿಕೊಂಡು, ಅದು ಓರೆ, ಇದು ಡೊಂಕು ಎಂದು ಹೇಳುತ್ತಿದ್ದ. ಹೆಂಚು ದಾರಿಯಾಯಿತು, ಗಿಡಗಳು ನೆಲ ಕಂಡವು.

ಹದಿನೈದು ದಿನಕ್ಕೆ ಮೊದಲ ಜೋರು ಮಳೆ ಹುಯ್ಯಿತು. ಎರಡು ಮನೆಯ ಸೂರಿನ ನೀರೂ ಗುಂಡಿಗೆ ಗುಳುಗುಳು ಇಳಿಯಿತು. ನಂಜಪ್ಪ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಒಂದು ಕೋಲನ್ನು ನೀರಿಗೆ ಅದ್ದಿ ಎತ್ತಿ ಕೂಗಿದ: "ಬಾರ್ಲಾ ತಿಮ್ಮ, ಮೊಣಕಾಲುದ್ದ ನಿಂತದೆ!"

ತಿಮ್ಮರಾಜು ಚಪ್ಪಲಿಯನ್ನೂ ಹಾಕದೆ ಮಳೆಗೆ ಇಳಿದ.