ನುರಿಪಾಳ ಹಾಲುಮಗ

“ಅಯ್ಯೋ ನನ್ನ ತಾಯೇ, ನನ್ನ ಬಿಟ್ಟು ಹೋದೆಯಲ್ಲೇ ತಾಯೇ” ಎಂದು ಕೂಗಿಕೊಳ್ಳುತ್ತ ಬೀದಿಯ ತುದಿಯಿಂದ ಯಾರೋ ಗಂಡಸು ಓಡಿ ಬರುತ್ತಿದ್ದ. ಅಂಗಳದಲ್ಲಿ ಎಬ್ಬಿಸಿದ್ದ ಉಣ್ಣೆಯ ಗುಡಾರದೊಳಗೆ ಗೋಡೆಗೆ ಮುಖಮಾಡಿ ಕೂತು ಹಾಡಿ ಅಳುತ್ತಿದ್ದ ಬುರುಲ್, ಅಳುವನ್ನು ಅರ್ಧಕ್ಕೇ ನಿಲ್ಲಿಸಿ ಕಿವಿ ನಿಮಿರಿಸಿದಳು.

ಪರದೆಯ ಆಚೆ ಹೆಣವಾಗಿ ಮಲಗಿದ್ದವಳು ಅವಳ ತಮ್ಮನ ಹೆಂಡತಿ ನುರಿಪಾ. ನುರಿಪಾಳಿಗೆ ಇದ್ದವಳು ಒಬ್ಬಳೇ ಮಗಳು, ಇಪ್ಪತ್ನಾಲ್ಕು ತುಂಬಿದ ಮೀರಿಮ್. ಅವಳು ಬುರುಲ್‌ಳ ತೊಡೆಗೆ ಆತುಕೊಂಡು ಕೂತಿದ್ದಳು. ಗಂಡುಮಕ್ಕಳಿಲ್ಲದ ಮನೆಯ ಬಾಗಿಲಿಗೆ ಬಂದು ‘ತಾಯೇ’ ಎಂದು ಕೂಗುವವನು ಯಾವನು?

ಸಾವಿನ ಮನೆಗೆ ಬರುವವನು ದೂರದಿಂದಲೇ ಕೂಗಿಕೊಂಡು ಬರಬೇಕು. ಸತ್ತವರು ತನಗೆ ಏನಾಗಬೇಕೆಂಬುದನ್ನು ಆ ಕೂಗಿನಲ್ಲೇ ಹೇಳಬೇಕು. ಬೇರೆಲ್ಲ ಸುಳ್ಳಾಡಿದರೂ ಈ ಕೂಗಿನಲ್ಲಿ ಯಾರೂ ಸುಳ್ಳಾಡುವುದಿಲ್ಲ ಎಂದು ಊರಿನ ನಂಬಿಕೆ. ಹೊರಗೆ, ಸತ್ತವರ ಮನೆಯ ಗಂಡಸರ ರೂಢಿಯಂತೆ ಸೊಂಟಕ್ಕೆ ಬಟ್ಟೆ ಬಿಗಿದು, ಕೋಲು ಊರಿ, ಬಂದವರಿಗೆಲ್ಲ ಮಾರುತ್ತರವಾಗಿ ಅಳುತ್ತಿದ್ದ ತಮ್ಮ ಎರ್ಗೆಶ್‌ನ ದನಿ ಫಕ್ಕನೆ ನಿಂತದ್ದು ಬುರುಲ್‌ಳಿಗೆ ಕೇಳಿಸಿತು.

ಪಕ್ಕದ ಮನೆಯ ಸಾಲ್ಕಿನ್ ಮೆಲ್ಲಗೆ ಹತ್ತಿರ ಸರಿದಳು. “ಯಾರಕ್ಕಾ ಅವನು? ‘ತಾಯೇ’ ಅಂತಿದಾನೆ.”

“ನೂರು ಜನ ನೂರು ತರ ಅಳ್ತಾರೆ. ನೀನು ಅಳೋಕೆ ಬಂದಿದೀಯೋ, ಲೆಕ್ಕ ತಗೊಳ್ಳೋಕೆ ಬಂದಿದೀಯೋ?”

“ಹಾಗಲ್ಲಕ್ಕಾ. ನುರಿಪಾ ಮದುವೆಗೆ ಮೊದಲು ಪಟ್ಟಣದಲ್ಲಿ ಓದಿದವಳು. ಬೆಂಕಿ ಇಲ್ಲದೆ ಹೊಗೆ ಆಡುತ್ತಾ?”

ಬೇರೆ ದಿನವಾಗಿದ್ದರೆ ಈ ಮಾತನ್ನು ಮೊದಲು ಆಡುತ್ತಿದ್ದವಳು ಬುರುಲ್‌ಳೇ. ಯಾರ ಮನೆಯ ಹುಡುಗಿ ಯಾರ ಕಾರು ಹತ್ತಿದಳು, ಮದುವೆಯಾದ ಏಳೇ ತಿಂಗಳಿಗೆ ಯಾರಿಗೆ ಮಗುವಾಯಿತು ಎಂಬುದೆಲ್ಲ ಆ ಬೀದಿಯಲ್ಲಿ ಅವಳ ಬಾಯಿಂದ ಬಂದ ಮೇಲೆಯೇ ಖಚಿತ. ಎಂಥವರ ಹುಳುಕನ್ನೂ ಮುಚ್ಚಿದವಳಲ್ಲ. ಸ್ವಂತ ಗಂಡನದನ್ನೂ ಬಿಟ್ಟವಳಲ್ಲ.

ಬೆಳಗಿನಿಂದಲೂ ಅವಳ ಅನುಮಾನಕ್ಕೆ ಮೇವು ಸಿಗುತ್ತಲೇ ಇತ್ತು. ಗುರುತಿಲ್ಲದ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದು ಕೂತಿದ್ದರು. ಬಾಗಿಲ ಬಳಿ ಹಸಿರು ವಸ್ತ್ರ ತಲೆಗೆ ಕಟ್ಟಿದವಳೊಬ್ಬಳು, ಆ ಮೂಲೆಯಲ್ಲಿ ವಯಸ್ಸಾದವಳೊಬ್ಬಳು. ‘ನುರಿಪಾ ನಿಮಗೇನಾಗಬೇಕು?’ ಎಂದರೆ ‘ಪರಿಚಯ’ ಎನ್ನುತ್ತಾರೆ, ಅಷ್ಟೆ. ಕರುಳು ಕಿತ್ತು ಬರುವಂತೆ ಅಳುತ್ತಾರೆ. ಆದರೆ ಒಬ್ಬರ ಮುಖವನ್ನು ಒಬ್ಬರು ನೋಡುವುದಿಲ್ಲ. ನಿಜವಾಗಿ ಪರಿಚಯವಿಲ್ಲದವರು ಕದ್ದಾದರೂ ಒಮ್ಮೆ ನೋಡುತ್ತಾರೆ. ಇವರು ಬೇಕೆಂದೇ ನೋಡುತ್ತಿಲ್ಲ ಎಂದು ಬುರುಲ್ ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದಳು.

ಹೊರಗಿನಿಂದ ಯಾರೋ ಬಂದು ಪಿಸುಗುಟ್ಟಿದರು. ಗಂಡಸರಲ್ಲೂ ಗುಸುಗುಸು ಎದ್ದಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಮಧ್ಯಾಹ್ನದ ನಮಾಜು. ಶವವನ್ನು ಮುಂದಿಟ್ಟುಕೊಂಡು ಮುಲ್ಲಾ ಕೇಳುತ್ತಾರೆ: ‘ಇವಳು ಎಂಥವಳು?’ ಊರೆಲ್ಲ ಒಂದೇ ಬಾಯಲ್ಲಿ ‘ಒಳ್ಳೆಯವಳು’ ಎನ್ನಬೇಕು. ಆ ಹೊತ್ತಿನಲ್ಲಿ ಜನ ಮಿಸುಕಾಡಿದರೆ, ಒಂದು ಗಳಿಗೆ ಸುಮ್ಮನಾದರೆ, ಆ ಮೌನ ಎರ್ಗೆಶ್‌ನ ತಲೆಯ ಮೇಲೆ ಸಾಯುವ ತನಕ ಕೂತಿರುತ್ತದೆ. ಮೀರಿಮ್‌ಗೆ ಬರುವ ಸಂಬಂಧಗಳ ಬಾಗಿಲಲ್ಲೂ ಅದೇ ಕೂತಿರುತ್ತದೆ.

ಬುರುಲ್ ಮಂಡಿ ಹಿಡಿದುಕೊಂಡು ಎದ್ದಳು.

*

ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ಗುಂಡಿ ದಾರ ಕೊಳ್ಳಲು ಪಟ್ಟಣಕ್ಕೆ ಹೋಗಿದ್ದ ಬುರುಲ್ ಕೋರ್ಟಿನ ಹಿಂದಿನ ಅಂಗಳದಲ್ಲಿ ನುರಿಪಾಳನ್ನು ಕಂಡಿದ್ದಳು. ಬೆಂಚಿನ ಮೇಲೆ ಪಕ್ಕದಲ್ಲಿ ಸೊರಗಿದ ಹುಡುಗನೊಬ್ಬ. ಇಬ್ಬರ ನಡುವೆ ಕಾಗದದಲ್ಲಿ ಬಿಸಿ ಸಮೋಸ. ಅವನು ಕಚ್ಚಿಟ್ಟದ್ದನ್ನೇ ನುರಿಪಾ ಎತ್ತಿಕೊಂಡು ತಿಂದಳು. ಆಮೇಲೆ ತನ್ನ ತಲೆವಸ್ತ್ರದ ತುದಿಯಿಂದ ಅವನ ಬಾಯಿ ಒರೆಸಿದಳು. ಹೆತ್ತವರಲ್ಲದೆ ಯಾರು ಹಾಗೆ ಒರೆಸುತ್ತಾರೆ?

ಸಂಜೆ ಮನೆಯಲ್ಲಿ ಹಿಟ್ಟು ನಾದುತ್ತಿದ್ದವಳನ್ನು ಬುರುಲ್ ತರಾಟೆಗೆ ತೆಗೆದುಕೊಂಡಳು. “ಯಾರೇ ಆ ಹುಡುಗ?”

“ಕೆಲಸದ ವಿಷಯ ಅಕ್ಕ.”

“ಏನು ಕೆಲಸ? ಜಮೀನಿನ ವ್ಯಾಜ್ಯ ನಡೆಸೋ ವಕೀಲೆ ಅಂತೀಯ. ಆ ಹುಡುಗನಿಗೆ ಎಷ್ಟು ಎಕರೆ ಇದೆ?”

ನುರಿಪಾ ನಕ್ಕಳು. ನಗು ನಿಂತ ಮೇಲೂ ಕೈ ಹಿಟ್ಟಿನಲ್ಲೇ ಇತ್ತು. “ಆ ಮಾತು ನಂದಲ್ಲಕ್ಕ, ಇನ್ನೊಬ್ಬರದು. ನಂದೇ ಆಗಿದ್ರೆ ಮೊದಲು ನಿನಗೇ ಹೇಳ್ತಿದ್ದೆ. ನೀನು ಬಯ್ತಿದ್ದೆ, ನಾನು ಬಯ್ಸಿಕೊಳ್ತಿದ್ದೆ.”

ಅಂದಿನಿಂದ ಬುರುಲ್ ಆ ಸಂಶಯವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ತಮ್ಮನ ಮನೆ ಒಡೆಯಬಾರದೆಂದು ಅವಳು ಜೀವಮಾನದಲ್ಲಿ ನುಂಗಿಕೊಂಡ ಮಾತು ಅದೊಂದೇ. ನುಂಗಿದ್ದಕ್ಕೆ ನುರಿಪಾಳ ಮೇಲೆ ಅವಳಿಗೆ ಒಳಗೊಳಗೇ ಸಿಟ್ಟೂ ಇತ್ತು.

*

ಕೂಗಿಕೊಂಡು ಬಂದವನು ಹಿತ್ತಲಲ್ಲಿ, ಕುದುರೆ ಮಾಂಸ ಬೇಯುತ್ತಿದ್ದ ದೊಡ್ಡ ಕಡಾಯಿಯ ಆಚೆ, ಚಹಾದ ನೀರು ಕಾಯಿಸುವಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ. ಇಪ್ಪತ್ತೈದರ ಆಸುಪಾಸು. ಮೊಣಕೈವರೆಗೆ ಸಣ್ಣ ಸಣ್ಣ ಸುಟ್ಟ ಕಲೆಗಳು. ರೊಟ್ಟಿ ಒಲೆಯೊಳಗೆ ಕೈಹಾಕುವವರ ತೋಳು ಎಂದು ಬುರುಲ್‌ಳಿಗೆ ನೋಡಿದ ಕೂಡಲೇ ತಿಳಿಯಿತು. ಅವನು ಎದ್ದು ನಿಂತು ಬಟ್ಟಲಿಗೆ ಚಹಾ ಬಗ್ಗಿಸಿ ಎರಡೂ ಕೈಯಲ್ಲಿ ಕೊಟ್ಟ.

“ಯಾರ ಮಗನಪ್ಪ ನೀನು?”

“ಮಿರ್ಲಾನ್ ಅಂತ ಅಜ್ಜಿ. ಪಟ್ಟಣದ ಬಜಾರಲ್ಲಿ ರೊಟ್ಟಿ ಸುಡ್ತೀನಿ.”

“ಹೆಸರು ಕೇಳಲಿಲ್ಲ ನಾನು. ಯಾರ ಮಗ ಅಂತ ಕೇಳಿದೆ.”

ಅವನು ಅತ್ತಿತ್ತ ನೋಡಿದ. ಮಾಂಸ ಕಡಿಯುವವರು ದೂರದಲ್ಲಿದ್ದರು. “ಅವರ ಮಗ ಅಲ್ಲ. ನೀವು ಅಂದುಕೊಂಡ ಹಾಗಲ್ಲ. ಬಾಯಿ ತಪ್ಪಿ ಬಂತು. ಬೀದಿಯಲ್ಲಿ ಬರ್ತಾ ಏನಂತ ಕೂಗಬೇಕು ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆ. ಅಕ್ಕಾ ಅಂತ ಕೂಗೋಣ ಅಂದ್ಕೊಂಡಿದ್ದೆ. ಗುಡಾರ ಕಂಡ ಕೂಡ್ಲೇ ಅದೆಲ್ಲ ಮರೆತೇಹೋಯ್ತು.”

“ಬಾಯಿ ತಪ್ಪಿದ್ದು ನಿಂದು, ಮಾನ ಹೋಗ್ತಿರೋದು ನಮ್ಮದು.”

“ಗೊತ್ತು. ಅದಕ್ಕೇ ಹೋಗಿಲ್ಲ, ಕೂತಿದೀನಿ. ಮುಲ್ಲಾ ಕೇಳ್ತಾರಲ್ಲ, ಆಗ ಎದ್ದು ನಿಂತು ಹೇಳ್ತೀನಿ.”

“ಏನು ಹೇಳ್ತೀಯ?”

ಅವನು ಒಲೆಯ ಕೆಂಡ ಕೆದಕುತ್ತ ಹೇಳಿದ. ಎರಡು ವರ್ಷದವನಿದ್ದಾಗ ಜ್ವರವೆಂದು ಚುಚ್ಚಿದ ಸೂಜಿಯಿಂದ ಎಚ್‌ಐವಿ ರಕ್ತಕ್ಕೆ ಇಳಿದಿತ್ತು. ಸುದ್ದಿ ಶಾಲೆಗೆ ತಲುಪಿದ ದಿನ ಉಳಿದ ಮಕ್ಕಳ ತಾಯಂದಿರು ಬಾಗಿಲಲ್ಲಿ ನಿಂತರು, ಇವನನ್ನು ಹೊರಗೆ ಹಾಕಿದರು. ತಂದೆ ಬೇರೆ ಮದುವೆಯಾದ. ಕೂಲಿ ಮಾಡುವ ತಾಯಿಗೆ ವಕೀಲರಿಗೆ ಕೊಡಲು ಬಿಡಿಗಾಸಿರಲಿಲ್ಲ. ಇಂಥ ಕಾಯಿಲೆಯವರಿಗೆ ಪುಕ್ಕಟೆಯಾಗಿ ಕೋರ್ಟಿಗೆ ಹೋಗಲು ಒಬ್ಬಳಿದ್ದಾಳೆ ಎಂದು ಯಾರೋ ಹೇಳಿದರು. ಔಷಧಿ ಅಂಗಡಿಯ ಹಿಂದಿನ ಕೋಣೆ. ಹೊರಗೆ ಹಲಗೆ ಇಲ್ಲ, ಹೆಸರಿಲ್ಲ. ನುರಿಪಾ ಬಾಗಿಲು ಮುಚ್ಚಿದ ಕೋರ್ಟಿನಲ್ಲಿ, ಹೊರಗಿನವರ ಕಿವಿಗೆ ಬೀಳದಂತೆ ವಾದಿಸಿ ಅವನನ್ನು ಅದೇ ಶಾಲೆಯ ಅದೇ ಬೆಂಚಿನ ಮೇಲೆ ಕೂರಿಸಿದಳು. ತಾಯಿ ತೀರಿಕೊಂಡ ಮೇಲೆ ಮಾತ್ರೆ ನುಂಗಿದನೋ ಇಲ್ಲವೋ ಎಂದು ದಿನಾ ವಿಚಾರಿಸಿದಳು. ಬೀದಿಯಲ್ಲಿ ಎದುರಾದರೆ ಮಾತ್ರ ಗುರುತೇ ಇಲ್ಲದವಳಂತೆ ಮುಂದೆ ಹೋಗುತ್ತಿದ್ದಳು.

“ಯಾರಾದ್ರೂ ನೋಡಿ, ಇವನಿಗೂ ವಕೀಲಮ್ಮನಿಗೂ ಏನು ಅಂತ ಕೇಳಬಾರದಲ್ಲ, ಅದಕ್ಕೆ” ಎಂದ.

ಬುರುಲ್‌ಳ ಕೈ ಅವಳನ್ನು ಕೇಳದೆಯೇ ಚಹಾದ ಬಟ್ಟಲನ್ನು ಕೆಳಗಿಟ್ಟು ಲಂಗಕ್ಕೆ ಒರೆಸಿಕೊಂಡಿತು. ಅವನು ಅದನ್ನು ನೋಡಿದ. ನೋಡಿ ಅಭ್ಯಾಸವಿದ್ದವನಂತೆ ಕಣ್ಣು ಬೇರೆ ಕಡೆ ಹೊರಳಿಸಿದ. ಬುರುಲ್‌ಳಿಗೆ ಎಪ್ಪತ್ತರ ವಯಸ್ಸಿನಲ್ಲಿ ಹಾಗೆ ನಾಚಿಕೆಯಾದದ್ದು ಅದೇ ಮೊದಲು.

“ನೀನು ಎದ್ದು ನಿಂತು ಇದನ್ನ ಹೇಳಿದ್ರೆ, ನಾಳೆ ನಿನ್ನ ರೊಟ್ಟಿ ಯಾರು ಕೊಳ್ತಾರೆ?”

“ಯಾರೂ ಕೊಳ್ಳಲ್ಲ.”

“ಮತ್ತೆ?”

“ಅವರ ಹೆಸರು ಉಳಿಯುತ್ತಲ್ಲ ಅಜ್ಜಿ.”

ಒಳಗಿನ ಆ ಹೆಂಗಸರು ಒಬ್ಬರನ್ನೊಬ್ಬರು ಯಾಕೆ ನೋಡುತ್ತಿಲ್ಲವೆಂದು ಬುರುಲ್‌ಳಿಗೆ ಈಗ ಅರ್ಥವಾಯಿತು: ಅವರೂ ಆ ಹಿಂದಿನ ಕೋಣೆಯ ಬಾಗಿಲು ತಟ್ಟಿದವರೇ. ನುರಿಪಾ ಹಗಲೂ ರಾತ್ರಿ ಬಾಯಿಗೆ ಬೀಗ ಹಾಕಿಕೊಂಡು ಕಾಪಾಡಿದ್ದನ್ನು ಈ ಪೆದ್ದ ಅವಳ ಶವದ ಮುಂದೆಯೇ ಬೀದಿಗೆ ಚೆಲ್ಲಲು ಹೊರಟಿದ್ದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಅವಳು ಕೆಳಗಿಟ್ಟ ಬಟ್ಟಲನ್ನು ಎತ್ತಿ, ಆರಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು. “ನೀನು ತುಟಿ ಬಿಚ್ಚಕೂಡದು. ಕೇಳಿದವರಿಗೆ ತಲೆ ಆಡಿಸು, ಸಾಕು.”

ಗುಡಾರಕ್ಕೆ ಮರಳಿ ಸಾಲ್ಕಿನ್‌ಳ ಪಕ್ಕದಲ್ಲೇ ಕೂತಳು.

“ನೋಡು ಸಾಲ್ಕಿನ್, ನಿನ್ನ ಹೊಟ್ಟೆಯಲ್ಲೇ ಇಟ್ಕೋ, ಇನ್ನೊಬ್ಬರ ಕಿವಿಗೆ ಬೀಳಬಾರದು. ಅವನು ನಮ್ಮ ನುರಿಪಾಳ ಹಾಲುಮಗ. ಮೀರಿಮ್ ಹುಟ್ಟಿದಾಗ ಆಸ್ಪತ್ರೇಲಿ ಪಕ್ಕದ ಹಾಸಿಗೆ ಬಾಣಂತಿಗೆ ಹಾಲೇ ಇಳಿದಿರಲಿಲ್ಲ. ಇವಳಿಗೋ ಉಕ್ಕಿ ಹರೀತಿತ್ತು. ಮಗು ಅರಚೋದು ನೋಡಲಾರದೆ ಎದೆಗೆ ಹಾಕ್ಕೊಂಡಳು. ನಾನೇ ಕಣ್ಣಾರೆ ಕಂಡಿದೀನಿ.”

“ಇಷ್ಟು ವರ್ಷ ನೀನು ಬಾಯಿ ಬಿಟ್ಟಿಲ್ಲವಲ್ಲಕ್ಕಾ?”

“ಹೆತ್ತವಳಿಗೆ ಹಾಲಿರಲಿಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗಲಾ? ಯಾರಿಗೂ ಹೇಳಬೇಡ ಅಂದೆ, ನೆನಪಿರಲಿ.”

ಸಾಲ್ಕಿನ್‌ಳಿಗೆ ಕೂತಲ್ಲಿ ಮುಳ್ಳು ಚುಚ್ಚತೊಡಗಿತು. ಕಡಾಯಿಗೆ ಉಪ್ಪು ಹಾಕಿದ್ದಾರೋ ಇಲ್ಲವೋ ನೋಡಿ ಬರುತ್ತೇನೆಂದು ಎದ್ದುಹೋದಳು.

ಮೀರಿಮ್ ಒದ್ದೆ ಮುಖ ಎತ್ತಿ ಅತ್ತೆಯನ್ನೇ ದಿಟ್ಟಿಸಿದಳು. “ಅತ್ತೆ, ಅಮ್ಮ ನನಗೆ ಯಾವತ್ತೂ ಹೇಳಿರಲಿಲ್ಲ.”

“ಆಗ ನಿನಗೆ ಹಲ್ಲೂ ಬಂದಿರಲಿಲ್ಲ. ಅಳು ಸುಮ್ಮನೆ.”

ಗಂಡಸರು ನಮಾಜಿಗೆ ಕೈಕಾಲು ಮುಖ ತೊಳೆದು ವುಜು ಮುಗಿಸುವ ಹೊತ್ತಿಗೆ ಮಾತು ಅಂಗಳವನ್ನು ಎರಡು ಸುತ್ತು ಹಾಕಿತ್ತು. ಬುರುಲ್ ಹೇಳಿದ್ದಾಳೆ ಎಂದ ಮೇಲೆ ಮತ್ತೆ ಕೇಳುವುದೇನಿದೆ? ಹುಳುಕಿದ್ದರೆ ಅವಳು ಬಿಡುತ್ತಿದ್ದಳೇ? ಗುಡಾರದ ಸಂದಿನಿಂದ ಅವಳು ನೋಡಿದಳು: ಎರ್ಗೆಶ್ ಪಕ್ಕಕ್ಕೆ ಸರಿದು ಸಾಲಿನಲ್ಲಿ ಜಾಗ ಮಾಡಿದ, ಯಾರೋ ಮಿರ್ಲಾನ್‌ನ ಸೊಂಟಕ್ಕೆ ಬಟ್ಟೆ ಬಿಗಿದು ಕೈಗೆ ಕೋಲು ಕೊಟ್ಟರು.

ಮುಲ್ಲಾ ಕೇಳಿದರು. “ಇವಳು ಎಂಥವಳು?”

“ಒಳ್ಳೆಯವಳು” ಎಂದಿತು ಊರು. ಎರಡನೆಯ ಸಲವೂ, ಮೂರನೆಯ ಸಲವೂ.

ಚಟ್ಟ ಎದ್ದಿತು. ಹೆಂಗಸರು ಸ್ಮಶಾನಕ್ಕೆ ಹೋಗುವಂತಿಲ್ಲ. ಸತ್ತವಳ ಗುಣವನ್ನೆಲ್ಲ ಹಾಡಿ ಇಲ್ಲಿಂದಲೇ ಕಳಿಸಬೇಕು. ಹಿರಿಯಳೆಂದು ಎಲ್ಲರೂ ಬುರುಲ್‌ಳ ಬಾಯಿಯನ್ನೇ ನೋಡಿದರು. ಅವಳ ಬಳಿ ಈಗ ಹಾಡಲು ಬೇಕಾದಷ್ಟಿತ್ತು. ಶಾಲೆಯ ಬಾಗಿಲು ತೆರೆಸಿದವಳೇ, ಎಂಜಲೆನ್ನದೆ ಉಂಡವಳೇ, ಬಿಡಿಗಾಸು ಮುಟ್ಟದೆ ಕಟಕಟೆಯ ಮುಂದೆ ನಿಂತವಳೇ. ಒಂದೊಂದೂ ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು. ಒಂದು ಮಾತೂ ಅವಳದಾಗಿರಲಿಲ್ಲ, ಇನ್ನೊಬ್ಬರದು.

ಗೋಡೆಗೆ ಮುಖಮಾಡಿ ಬಾಯಿ ತೆರೆದಳು. “ಓ…” ಎಂಬ ಬರಿಯ ದನಿ ಬಂತು, ಮಾತು ಬರಲಿಲ್ಲ. ಮೀರಿಮ್ ಮಾತಿಗಾಗಿ ಕಾದಳು. ಉಳಿದ ಹೆಂಗಸರೂ ಕಾದರು. ಆಗ ಬಾಗಿಲ ಬಳಿಯಿಂದ, ಇನ್ನೊಂದು ಗೋಡೆಗೆ ಮುಖ ಮಾಡಿದ್ದ ಹಸಿರು ವಸ್ತ್ರದವಳು ಅದೇ ದನಿಯನ್ನು ಎತ್ತಿಕೊಂಡಳು. ಮೂಲೆಯಿಂದ ವಯಸ್ಸಾದವಳು ಸೇರಿಸಿದಳು. ಆಮೇಲೆ ಮತ್ತೊಂದು ಕಡೆಯಿಂದ ಮತ್ತೊಬ್ಬಳು. ಯಾರೂ ಯಾರ ಕಡೆಗೂ ತಿರುಗಲಿಲ್ಲ. ಚಟ್ಟ ಬೀದಿಯ ತಿರುವು ದಾಟಿ ಮರೆಯಾಗುವವರೆಗೂ ಅವರು ಒಂದು ಮಾತೂ ಇಲ್ಲದೆ ಹಾಡಿದರು.