ಉದ್ದವ್ವನ ಆರರ ಮಗ್ಗಿ

ಕೆಂಪಿ ಇನ್ನೂ ಶಾಲೆ ಸೇರದ ಸಣ್ಣವಳಿದ್ದಾಗಲೇ ಅವಳ ಅಜ್ಜಿ ಉದ್ದವ್ವ ಒಂದು ಮಾತು ಕೊಟ್ಟುಬಿಟ್ಟಿದ್ದಳು. ಮದುವೆಯಾಗಿ ಘೋಡಗೇರಿಗೆ ಹೊರಟ ಮಗಳು ಭರಮವ್ವ ಬಾಗಿಲಲ್ಲಿ ಅಳುತ್ತ ನಿಂತಿದ್ದಳು. ಉದ್ದವ್ವ ಅವಳ ಕಣ್ಣೊರೆಸಿ, ಬೀಗರ ಎದುರಿಗೇ ಅಂದಳು, “ಯಾಕ ಅಳತಿ? ನಿನಗ ಕೂಸ ಹುಟ್ಟಿದ ವರ್ಷ ನಮ್ಮ ಕೆಂಪಿನ ಕಳಸಿ ಕೊಡತೇನಿ. ಕೂಸು ಆಕಿ ಬಗಲಾಗ ಇರಲಿ, ನೀ ಹೊಲಕ್ಕ ಹೋಗು.”

ಭರಮವ್ವನಿಗೆ ಬೇಗ ಕೂಸಾಗಲಿಲ್ಲ. ಕೆಂಪಿ ಶಾಲೆಯಲ್ಲಿ ಎರಡನೇ ಇಯತ್ತೆಗೆ ಕಾಲಿಟ್ಟ ವರ್ಷ ಗಂಡುಮಗು ಹುಟ್ಟಿತು. ಶ್ರಾವಣ ಬರುತ್ತಿದ್ದಂತೆ ಭರಮವ್ವ ಕೂಸನ್ನೆತ್ತಿಕೊಂಡು ತವರಿಗೆ ಬಂದಳು. ಕೊಟ್ಟ ಚಾ ಇನ್ನೂ ಕುಡಿದಿರಲಿಲ್ಲ.

“ಯವ್ವಾ, ಕೆಂಪಿ ಅರಿವಿ ಗಂಟ ಕಟ್ಟು. ನಾಳಿ ನಸುಕಿನ್ಯಾಗ ಹೋಗೂನು.”

ರೊಟ್ಟಿ ಬಡಿಯುತ್ತಿದ್ದ ಸತ್ತೆವ್ವನ ಕೈ ನಿಂತಿತು. ಅವಳು ಕೆಂಪಿಯ ತಾಯಿ, ಉದ್ದವ್ವನ ಸೊಸೆ. ಹೆಚ್ಚು ಮಾತಾಡುವವಳಲ್ಲ. ಆದರೂ ಅಂದಳು, “ಅತ್ತಿ, ಹುಡುಗಿ ಸಾಲಿ ಬಿಡಸೂದು ಬ್ಯಾಡ್ರಿ. ಈಗೀಗ ಚೊಲೋ ಕಲಿಯಾಕತ್ತಾಳ.”

“ಯಾವ ಸಾಲಿ? ಆ ಮೂಕ ಸಾಲೀನ?” ಉದ್ದವ್ವ ನಕ್ಕಳು. ಭರಮವ್ವನೂ ನಕ್ಕಳು.

ಊರಲ್ಲಿ ಆ ಶಾಲೆಗೆ ಈಗ ಅದೇ ಹೆಸರಾಗಿತ್ತು. ಮೊದಲು ಹಾಗಿರಲಿಲ್ಲ. ಶಿದ್ಲಿಂಗಪ್ಪ ಮಾಸ್ತರರ ಕಾಲದಲ್ಲಿ ಮುಂಜಾನೆಯಿಂದ ಸಂಜೆತನಕ ಮಕ್ಕಳು ಮಗ್ಗಿ ಕೂಗುತ್ತಿದ್ದರು. ಶಾಲೆಯ ಬಾಜೂ ಹೊಲದಲ್ಲಿ ಕಸ ತೆಗೆಯುವ ಹೆಂಗಸರಿಗೆ ಅದು ಗಡಿಯಾರವಿದ್ದಂತೆ. ಎರಡರ ಮಗ್ಗಿ ಶುರುವಾದರೆ ಹೊತ್ತು ಏರಿತು, ಇಪ್ಪತ್ತರದು ಮುಗಿದರೆ ಬುತ್ತಿ ಬಿಚ್ಚುವ ಹೊತ್ತು. ದನಿ ಎಷ್ಟು ದೊಡ್ಡದೋ ವಿದ್ಯೆ ಅಷ್ಟು ದೊಡ್ಡದು ಎಂದು ಊರವರು ತಿಳಿದಿದ್ದರು. ಆ ಮಾಸ್ತರರು ಪಿಂಚಣಿ ತೆಗೆದುಕೊಂಡು ಹೋದರು, ಇಮಾಮಹುಸೇನ ಮಾಸ್ತರರು ಬಂದರು. ಅವರು ಬಂದ ಮೇಲೆ ಮಗ್ಗಿ ಕೇಳುವುದು ಮುಂಜಾನೆ ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಸದ್ದೇ ಇಲ್ಲ. ಇಣುಕಿ ನೋಡಿದವರು ಬಂದು ಹೇಳುತ್ತಿದ್ದರು: ಮಕ್ಕಳು ಹುಣಸೆ ಬೀಜ ಆಡುತ್ತಿವೆ, ಮಣ್ಣು ಕಲಸುತ್ತಿವೆ, ಉಸುಕಿನಲ್ಲಿ ಬೆರಳಾಡಿಸುತ್ತಿವೆ.

“ಹುಣಸಿ ಬೀಜ ಆಡಾಕ ಸಾಲಿ ಯಾಕ ಬೇಕ? ನಮ್ಮ ಅಂಗಳಾನ ಸಾಕು,” ಎಂದಳು ಉದ್ದವ್ವ.

“ನೀವ ಒಮ್ಮೆ ಹೋಗಿ ನೋಡ್ರಿ, ಅತ್ತಿ.”

“ನಾ ಯಾಕ ನೋಡ್ಲಿ? ನನಗ ಹೊಲದಾಗ ಕೇಳಸ್ತೈತಲ್ಲ!”

“ಕೇಳಿದ್ದ ಸಾಕ್ರಿ. ನೋಡ್ರಿ. ನೋಡಿ ಬಂದ ಮ್ಯಾಲೂ ಕಳಸಬೇಕಂದ್ರ, ನಾನ ಗಂಟ ಕಟ್ಟತೇನಿ.”

ಸೊಸೆ ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಉದ್ದವ್ವ ಕೇಳಿರಲಿಲ್ಲ. ಸೆರಗು ಕೊಡವಿ ಎದ್ದಳು. “ಆತ ಬಿಡು. ಹೆಂಗೂ ಹುಡುಗಿನ ಕರಕೊಂಡ ಬರಾಕ ಹೋಗಬೇಕಲ್ಲ.”

ಶಾಲೆ ಹತ್ತಿರವೇ. ಆದರೆ ಉದ್ದವ್ವ ಎಂದೂ ಅದರ ಒಳಗೆ ಹೋಗಿರಲಿಲ್ಲ. ಅವಳ ಮಗ ಹೊಳೆಪ್ಪ, ಕೆಂಪಿಯ ತಂದೆ, ಸಣ್ಣವನಿದ್ದಾಗ ಅವರ ಓಣಿಯ ಮಕ್ಕಳನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸುತ್ತಿದ್ದರು. ಅಲ್ಲಿಗೆ ಕೇಳಿಸಿದಷ್ಟೇ ಪಾಠ. ಹೊಳೆಪ್ಪ ಬೇಗ ಬಿಟ್ಟುಬಿಟ್ಟ. ಅದೇ ರೂಢಿಯಂತೆ ಉದ್ದವ್ವ ಕಟ್ಟೆಯ ಮೇಲೆಯೇ ನಿಂತು ಕೂಗಿದಳು, “ರೀ ಮಾಸ್ತರ, ಕೆಂಪಿನ ಕಳಸ್ರಿ.”

“ಒಳಗ ಬರ್ರಿ ಅವ್ವಾ.”

“ಇಲ್ಲೇ ನಿಲ್ಲತೇನ್ರಿ.”

“ಕೆಂಪಿ ಒಳಗದಾಳ. ಕೆಂಪಿ ಆಯಿ ಹೊರಗ ನಿಂತ್ರ ನಡೀತೈತೇನ? ಬರ್ರಿ.”

ಉದ್ದವ್ವ ಹೊಸ್ತಿಲು ದಾಟಿದಳು. ಒಂದೇ ಉದ್ದನೆಯ ಜಮಖಾನೆಯ ಮೇಲೆ ಎಲ್ಲ ಓಣಿಗಳ ಮಕ್ಕಳೂ ಒತ್ತೊತ್ತಾಗಿ ಕೂತಿದ್ದವು. ಒಂದನೇ ಇಯತ್ತೆಯವರ ನಡುವೆ ಗೋಕಾಕದ ಕಟ್ಟಿಗೆಯ ಮಾವಿನಹಣ್ಣು, ಬದನೇಕಾಯಿ, ಬಾಳೆಹಣ್ಣು ಇದ್ದವು. ಅವನ್ನು ನೋಡಿ ಮಕ್ಕಳು ಮಣ್ಣಿನಲ್ಲಿ ಹಾಗೆಯೇ ಮಾಡಿ, ಪಕ್ಕದ ಉಸುಕಿನಲ್ಲಿ ಬೆರಳಿನಿಂದ ಅವುಗಳ ಹೆಸರು ಬರೆಯುತ್ತಿದ್ದವು. ಎರಡನೇ ಇಯತ್ತೆಯವರ ಮುಂದೆ ಹುಣಸೆ ಬೀಜದ ರಾಶಿ.

“ಸಂತಿ ಹಚ್ಚೀರೇನ ಮಾಸ್ತರ? ಬದನೀಕಾಯಿ ಹೆಂಗ ಪಾವಶೇರ?”

ಮಕ್ಕಳು ಗೊಳ್ಳೆಂದವು. ಮಾಸ್ತರರೂ ನಕ್ಕರು. ಕೆಂಪಿ ಮಾತ್ರ ನಗಲಿಲ್ಲ. ಅತ್ತೆಗೆ ಕೊಟ್ಟ ಮಾತು ಅವಳಿಗೆ ಗೊತ್ತಿತ್ತು; ಅಜ್ಜಿ ಬಂದದ್ದು ಯಾಕೆಂದು ತಿಳಿಯಿತು. ಬೀಜಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು ತಲೆ ತಗ್ಗಿಸಿದಳು.

ಉದ್ದವ್ವ ನೇರ ವಿಷಯಕ್ಕೆ ಬಂದಳು. “ಸಿಟ್ಟಿಗೇಳಬ್ಯಾಡ್ರಿ ಮಾಸ್ತರ. ಶಿದ್ಲಿಂಗಪ್ಪ ಮಾಸ್ತರರ ಸಾಲಿ ಅಂದ್ರ ಸಾಲಿ ಇತ್ತ. ಹೊಲದಾಗ ಕಸಾ ತಗಿಯೋರಿಗೆ ಸೈತ ಮಗ್ಗಿ ಬರತಿತ್ತ.”

“ನಿಮಗೂ ಬರತೈತೇನ?”

“ಬರಲಾರದೇನ! ಯಾವದ ಹೇಳ್ಲಿ?”

“ಆರರದು ಹೇಳ್ರಿ.”

ಉದ್ದವ್ವ ಅಲ್ಲೇ ಕೂತು ಕಣ್ಣು ಮುಚ್ಚಿದಳು. “ಆರೊಂದ್ಲೆ ಆರು, ಆರೆರಡ್ಲೆ ಹನ್ನೆರಡು, ಆರ್ಮೂರ್ಲೆ ಹದಿನೆಂಟು, ಆರ್ನಾಕ್ಲೆ ಇಪ್ಪತ್ತನಾಕು…” ರಾಗವಾಗಿ, ಎಲ್ಲೂ ತಡವರಿಸದೆ ಹೇಳುತ್ತ ಹೋದಳು. ಹಳೆಯ ಮಾಸ್ತರರು ಛಡಿಯಿಂದ ಮೇಜು ಬಡಿಯುತ್ತಿದ್ದ ಜಾಗ ಬಂದಾಗ ತಾನೂ ಅಂಗೈಯಿಂದ ನೆಲ ಬಡಿದಳು. ‘ಆರ್ಹತ್ಲೆ ಅರವತ್ತು’ ಮುಗಿಸಿ ಕಣ್ಣು ಬಿಟ್ಟಾಗ ಮಕ್ಕಳೆಲ್ಲ ಬಾಯಿ ತೆರೆದು ನೋಡುತ್ತಿದ್ದವು.

“ಶಾಬಾಸ್ ಅವ್ವಾ! ಒಂದೂ ತಪ್ಪಿಲ್ಲ,” ಎಂದರು ಮಾಸ್ತರರು. “ಈಗ ಒಂದ ಮಾತ ಹೇಳ್ರಿ. ಮೊನ್ನೆ ಮೆಣಸಿನ ಸಸಿ ಹಚ್ಚಾಕ ಹೋಗಿದ್ರಲ್ಲ? ಒಂದ ಮಡಿಯಾಗ ಆರ ಸಾಲ ಅದಾವ. ಸಾಲಿಗೆ ನಾಕ ಅಗಿ. ಮಡಿಗೆ ಎಷ್ಟ ಅಗಿ ಬೇಕಾಕ್ಕಾವ?”

“ಅದ ನನಗೆಂಗ ಗೊತ್ತಾಕ್ಕೈತ್ರಿ? ಹಚ್ಚಿ ನೋಡಬೇಕ. ಕಡಿಮಿ ಬಿದ್ರ ಮತ್ತ ತರಬೇಕ. ಮೊನ್ನೆ ಹಂಗ ಆತ. ಅಗಿ ಸಾಲಲಿಲ್ಲ, ಬಿಸಲಾಗ ಮತ್ತ ಬಾವಿತನಕ ನಡದ ಹೋಗಿ ತಂದ್ವಿ.”

“ಈಗ ನೀವ ಹೇಳಿದ್ರಲ್ಲ ಅವ್ವಾ.”

“ಏನ ಹೇಳಿದೆ?”

“ಆರ್ನಾಕ್ಲೆ ಇಪ್ಪತ್ತನಾಕು.”

ಮಾಸ್ತರರು ಕೆಂಪಿಯ ಕಡೆ ನೋಡಿದರು. ಕೆಂಪಿ ಮುಷ್ಟಿ ಬಿಚ್ಚಿ ಅಜ್ಜಿಯ ಮುಂದೆ ಬೀಜ ಇಡತೊಡಗಿದಳು. ಒಂದು ಸಾಲಿಗೆ ನಾಲ್ಕು. ಅದರ ಕೆಳಗೆ ಮತ್ತೆ ನಾಲ್ಕು. ಆರು ಸಾಲು ಆಗುವ ಹೊತ್ತಿಗೆ ಉದ್ದವ್ವ ಮುಂದಕ್ಕೆ ಬಾಗಿದ್ದಳು.

“ಅಯ್ಯ! ಇದು ಮೆಣಸಿನ ಮಡಿ ಆತಲ್ಲ!”

“ಹೂಂ ಆಯಿ. ಮಗ್ಗಿ ಅಂದ್ರ ಇದ,” ಎಂದಳು ಕೆಂಪಿ ಮೆಲ್ಲಗೆ.

ಉದ್ದವ್ವ ಬೀಜಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದಳು. ಇಪ್ಪತ್ತನಾಲ್ಕು. ಅವಳ ಮುಖ ಒಮ್ಮೆ ಅರಳಿತು, ಒಮ್ಮೆ ಬಾಡಿತು. “ಇಷ್ಟ ವರ್ಷ ಹಾಡೇನಿ ಮಾಸ್ತರ. ಹಾಡಿನ್ಯಾಗ ಅಗಿ ಅದಾವಂತ ಯಾರೂ ಹೇಳಲಿಲ್ಲ.”

“ಮಗ್ಗಿ ಬ್ಯಾಡಂತ ನಾನೂ ಹೇಳೂದಿಲ್ಲ ಅವ್ವಾ. ಮೊದಲ ಕೈಲೆ ಇಟ್ಟ ನೋಡಲಿ, ಆಮ್ಯಾಲ ಬಾಯಿಲೆ ಹೇಳಲಿ. ಕೈ ಕೆಲಸಾ ಮಾಡುವಾಗ ಬಾಯಿ ಸುಮ್ಮನಿರತೈತಿ. ಅದಕ್ಕ ನಮ್ಮ ಸಾಲಿ ಹೊರಗ ಕೇಳಸೂದಿಲ್ಲ.”

ಆದರೆ ಉದ್ದವ್ವ ಅಷ್ಟಕ್ಕೆ ಸೋಲುವವಳಲ್ಲ. ಕಾಳು ಹಸನು ಮಾಡುವವಳಿಗೆ ಸಂಶಯ ಬೇಗ ಹೋಗುವುದಿಲ್ಲ. “ಇದನ್ನ ನೀವ ಕಲಿಸಿರತೀರಿ. ಕಲಿಸಿದ್ದ ಹೇಳೂದ ಏನ ದೊಡ್ಡದು? ಹದಿಮೂರರ ಮಗ್ಗಿ ಕಲಿಸೀರೇನ ಈಕಿಗೆ?”

“ಇಲ್ಲ. ಹತ್ತರತನಕ ಅಷ್ಟ.”

“ಹಂಗಾರ ಅದನ್ನ ಕೇಳತೇನಿ. ಬಾ ಕೆಂಪಿ. ಗೌಡರ ದೊಡ್ಡ ಮಡಿ ಐತಿ. ಹದಿಮೂರ ಸಾಲ, ಸಾಲಿಗೆ ಐದ ಅಗಿ. ನಾ ಬಿಸಲಾಗ ಮತ್ತ ಬಾವಿಗೆ ನಡಿಯಬಾರದು. ಎಷ್ಟ ತರಲಿ?”

ಮಾಸ್ತರರು ಬೇಕೆಂದೇ ಕಿಟಕಿಯ ಕಡೆ ತಿರುಗಿ ನಿಂತರು. ಕೆಂಪಿ ಬೀಜದ ರಾಶಿಗೆ ಕೈ ಹಾಕಿದಳು, ತೆಗೆದಳು. ಆಮೇಲೆ ಅಜ್ಜಿಯನ್ನೇ ನೋಡುತ್ತ ಹೇಳಿದಳು:

“ಆಯಿ, ಮೊದಲ ಹತ್ತ ಸಾಲ ಹಚ್ಚೂನು. ಐದ್ಹತ್ಲೆ ಐವತ್ತು. ಇನ್ನ ಎಷ್ಟ ಸಾಲ ಉಳದ್ವು? ಮೂರು. ಐದ್ಮೂರ್ಲೆ ಹದಿನೈದು. ಎರಡೂ ಕೂಡಿ… ಅರವತ್ತೈದು ಅಗಿ ತಗೊಂಡ ಬಾ.”

“ನೋಡೂನು ತಡಿ.”

ಉದ್ದವ್ವ ಕಾಲು ಚಾಚಿ ಕೂತು ತಾನೇ ಬೀಜ ಇಡತೊಡಗಿದಳು. ಬೀಜ ಸಾಲದಾದಾಗ ಬಾಜೂ ಕೂತ ಮಕ್ಕಳು ತಮ್ಮದನ್ನು ಸರಿಸಿದವು. ಹದಿಮೂರು ಸಾಲು ಜಮಖಾನೆ ದಾಟಿ ನೆಲಕ್ಕೆ ಇಳಿಯಿತು. ಹಳೆಯ ಕಾಲದವಳು ಇಪ್ಪತ್ತಿಪ್ಪತ್ತರ ಲೆಕ್ಕದಲ್ಲಿ ಎಣಿಸಿದಳು.

“ಮೂರ ಇಪ್ಪತ್ತು. ಮ್ಯಾಲ ಐದು. ತಪ್ಪೈತಿ ಮಾಸ್ತರ! ಈಕಿ ಅರವತ್ತೈದು ಅಂದ್ಳು.”

“ಮೂರ ಇಪ್ಪತ್ತಂದ್ರ ಅರವತ್ತ ಅವ್ವಾ. ಮ್ಯಾಲ ಐದು.”

ಉದ್ದವ್ವ ಬೆರಳು ಮಡಚಿ ನೋಡಿದಳು. ಮತ್ತೆ ಮಡಚಿದಳು. ಆಮೇಲೆ ಎದ್ದು ನಿಂತು ಕೆಂಪಿಯ ಎರಡೂ ಕೆನ್ನೆ ಸವರಿ ತನ್ನ ತಲೆಗೆ ಬೆರಳೊತ್ತಿ ಲಟಲಟನೆ ನೆಟಿಗೆ ಮುರಿದಳು. “ಕಲಿಸಲಾರದ್ದನ್ನೂ ಹೇಳಿದ್ಳು! ನನ್ನ ಮೊಮ್ಮಗಳು ಕಲಿಸಲಾರದ್ದನ್ನೂ ಹೇಳಿದ್ಳು!” ಮಕ್ಕಳು ಚಪ್ಪಾಳೆ ತಟ್ಟಿ ಕೂಗಿದವು. ಆ ದಿನ ಮೂಕ ಶಾಲೆಯ ಸದ್ದು ಹೊಲದ ತುಂಬ ಕೇಳಿತು.

ಉದ್ದವ್ವ ಒಬ್ಬಳೇ ಮನೆಗೆ ಬಂದಳು.

“ಕೆಂಪಿ ಎಲ್ಲಿ?” ಎಂದಳು ಭರಮವ್ವ.

“ಸಾಲ್ಯಾಗ ಅದಾಳ. ಸಾಲ್ಯಾಗ ಇರತಾಳ.”

“ಹಂಗಂದ್ರೇನ ಯವ್ವಾ? ನಾನು ಇಡೀ ಘೋಡಗೇರಿಗೆ ಹೇಳಿ ಬಂದೇನಿ. ಬೀಗರ ಮುಂದ ಮಾತ ಕೊಟ್ಟಿದ್ದಿ ನೀ!”

“ಕೊಟ್ಟಿದ್ದೆ, ಖರೆ. ಆದರ ಏನ ಕೊಟ್ಟಿದ್ದೆ? ಹುಡುಗಿ ಕೈ ಕೊಟ್ಟಿದ್ದೆ. ಅವು ನನ್ನ ಕೈ ಅಲ್ಲ. ಇವತ್ತ ನೋಡಿ ಬಂದೆ, ಆ ಕೈಯಾಗ ಏನ ಐತಂತ.”

ಭರಮವ್ವನ ಕಣ್ಣಲ್ಲಿ ನೀರು ಬಂತು. ಅವಳ ಕಷ್ಟವೂ ಸುಳ್ಳಲ್ಲ. ಹೊಲದಲ್ಲಿ ಕೆಲಸ, ಮನೆಯಲ್ಲಿ ಹಸುಗೂಸು, ಇನ್ನೊಬ್ಬರಿಲ್ಲ. “ಹಂಗಾರ ನನ್ನ ಕೂಸಿನ್ನ ಯಾರ ನೋಡೋರು?”

“ನಾ ಬರತೇನಿ.”

ಒಲೆಯ ಮುಂದಿದ್ದ ಸತ್ತೆವ್ವ ಹೊರಳಿ ನೋಡಿದಳು. “ಅತ್ತಿ, ಮಗಳ ಮನಿಯಾಗ ಒಂದ ರಾತ್ರಿನೂ ಉಳಿಯೂದಿಲ್ಲ ಅಂತಿದ್ರಿ?”

“ಅಂತಿದ್ದೆ. ಇವತ್ತ ಎಲ್ಲಾ ಬಿಡೂ ದಿನಾ ಐತಿ, ಅದನ್ನೂ ಬಿಟ್ಟೆ. ಸುಗ್ಗಿತನಕ ಕೂಸಿನ್ನ ನಾ ನೋಡತೇನಿ. ಕೂಸು ತೆವಳಿ ಓಡಾಡೂ ಹೊತ್ತಿಗೆ ನೀವಿಬ್ರೂ ಗಂಡಾ ಹೆಂಡ್ತಿ ಪಾಳಿ ಹಚ್ಚಿಕೋರ್ರಿ. ಅಳಿಯಂದೇರಿಗೂ ಎರಡ ಕೈ ಅದಾವಲ್ಲ?”

ಭರಮವ್ವ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. “ಆ ಮಾತ ಅವರಿಗೆ ನೀನ ಹೇಳಬೇಕ ಯವ್ವಾ.”

“ಹೇಳತೇನಿ. ಹೇಳಾಕಂತನ ಬರಾಕತ್ತೇನಿ!”

ತಾಯಂದಿರೇ, ತಂದೆಯರೇ, ನಾವೆಲ್ಲ ದಿನವಿಡೀ ದುಡಿದು ಬಸವಳಿದು ಮನೆಗೆ ಬರುವವರು. ಮಕ್ಕಳು ಶಾಲೆಯಲ್ಲಿ ಏನು ಮಾಡುತ್ತವೆಂದು ನೋಡಲು ನಮಗೆ ಹೊತ್ತಿರುವುದಿಲ್ಲ. ಆದರೂ ಒಂದು ದಿನ ಬಿಡುವು ಮಾಡಿಕೊಳ್ಳಿ. ದೂರದಿಂದ ಕೇಳಿ ತೀರ್ಮಾನಿಸಬೇಡಿ, ಒಳಗೆ ಹೋಗಿ ಕೂತು ನೋಡಿ. ಅಲ್ಲಿ ಬೀಜ, ಮಣ್ಣು, ಉಸುಕು ಕಂಡರೆ ಆಟವೆಂದು ನಗಬೇಡಿ. ನಿಮ್ಮ ಮಗು ಅದರಲ್ಲಿ ಏನು ಕಂಡಿದೆಯೆಂದು ಕೇಳಿ. ಹೊಲದ ಲೆಕ್ಕ, ಒಲೆಯ ಲೆಕ್ಕ ಅದರ ಮುಂದಿಡಿ. ತಪ್ಪಿದರೆ ಗದರಬೇಡಿ, ಮತ್ತೆ ಇಟ್ಟು ನೋಡಲಿ. ಕೂಸನ್ನು ಎತ್ತಿಕೊಳ್ಳಲೆಂದು, ಕುರಿ ಕಾಯಲೆಂದು ಹೆಣ್ಣುಮಗುವನ್ನು ಶಾಲೆಯಿಂದ ಬಿಡಿಸಬೇಡಿ. ಆ ಕೆಲಸಕ್ಕೆ ದೊಡ್ಡವರ ಕೈಗಳಿವೆ. ಎಂದೋ, ಯಾರಿಗೋ ಮಾತು ಕೊಟ್ಟಿದ್ದರೂ ಸರಿ, ಇಂದೇ ಹೋಗಿ ಇಲ್ಲವೆಂದು ಹೇಳಿ ಬನ್ನಿ.

ಉದ್ದವ್ವ ಹಾಗೆಯೇ ಹೇಳಿದಳು. ಮಗಳಿಗೆ ಕೊಟ್ಟ ಮಾತನ್ನು ಅವಳು ಮುರಿದಳು.