ಓರಗಿತ್ತಿಯ ಫೋನಿಗೆ ಬೀಗ

ಒಂದೇ ಒಲೆಯಲ್ಲಿ ಅಡುಗೆಯಾಗುವ ಮನೆ. ಒಬ್ಬರ ಸೀರೆ ಇನ್ನೊಬ್ಬರು ಉಡುತ್ತಾರೆ, ಒಬ್ಬರ ಚಪ್ಪಲಿ ಇನ್ನೊಬ್ಬರು ಮೆಟ್ಟುತ್ತಾರೆ. ಆದರೆ ಕಿರಿಸೊಸೆಯ ಫೋನಿಗೆ ಮಾತ್ರ ಬೀಗ. ಇಂಥ ಮನೆಗಳು ನಮ್ಮ ಹೊಸದುರ್ಗದ ಕಡೆ ಊರಿಗೆ ಹತ್ತಾದರೂ ಇವೆ. ಮರುಳಸಿದ್ದಮ್ಮನ ಮನೆಯೂ ಅಂಥದ್ದೇ.

ಮರುಳಸಿದ್ದಮ್ಮ ಆ ಮನೆಗೆ ಹಿರಿಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷ. ಅತ್ತೆ ಹಾಲಮ್ಮನ ಮೊಣಕಾಲಿಗೆ ಎಣ್ಣೆ ತಿಕ್ಕಿದವಳು ಅವಳು, ಅತ್ತೆಗೆ ಎಷ್ಟು ಉಪ್ಪು ಬೇಕೆಂದು ಬಲ್ಲವಳು ಅವಳು. ಮೈದುನ ಶರಣನ ಹೆಂಡತಿ ಕಾವ್ಯ ಬಂದು ಇನ್ನೂ ಮೂರು ವರ್ಷ ತುಂಬಿಲ್ಲ. ಆದರೂ ಈಗೀಗ ಮಧ್ಯಾಹ್ನದ ಊಟವಾದ ಮೇಲೆ ಅತ್ತೆ ಹೋಗಿ ಕೂರುವುದು ಕಾವ್ಯಳ ಕೋಣೆಯಲ್ಲಿ. ಇಬ್ಬರ ತಲೆಯೂ ಒಂದೇ ಫೋನಿನ ಮೇಲೆ ಬಾಗಿರುತ್ತದೆ. ಮರುಳಸಿದ್ದಮ್ಮ ಬಾಗಿಲಿಗೆ ಬಂದರೆ ಮಾತು ನಿಲ್ಲುತ್ತದೆ.

"ಏನತ್ತೆ ಅದು?" ಎಂದು ಒಮ್ಮೆ ಕೇಳಿದಳು.

"ಏನೂ ಇಲ್ಲ ಹೋಗೇ. ಹಿಟ್ಟು ಆರ್ತಾ ಐತೆ ನೋಡು," ಎಂದರು ಹಾಲಮ್ಮ.

ಆ 'ಏನೂ ಇಲ್ಲ' ಎಂಬುದು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಗಂಡ ಶಿವಕುಮಾರಪ್ಪನ ಹತ್ತಿರ ಹೇಳಿಕೊಂಡರೆ, "ಮನೇಲಿ ಎಂಥಾ ಗುಟ್ಟು? ಫೋನಿಗೆ ಬೀಗ ಹಾಕಾದೇ ತಪ್ಪು," ಎಂದು ಟವೆಲ್ ಕೊಡವಿ ತೋಟಕ್ಕೆ ಹೊರಟುಬಿಟ್ಟ.

ಮರುಳಸಿದ್ದಮ್ಮ ಊರಿನ ಮಹಿಳಾ ಸಂಘದ ಪ್ರತಿನಿಧಿ. ಸಭೆಯ ಫೋಟೊ ತೆಗೆಯಲು, ಪಾಠದ ವಿಡಿಯೊ ತೋರಿಸಲು ಸಂಘಕ್ಕೆ ಕೊಟ್ಟಿದ್ದ ಟ್ಯಾಬ್ ಅವಳ ಹತ್ತಿರವೇ ಇರುತ್ತಿತ್ತು. ಆ ವಾರದ ಸಭೆಗೆ ಹೊಸದುರ್ಗದಿಂದ ತರಬೇತಿ ಕೊಡುವ ರಮ್ಯಾ ಬಂದಿದ್ದಳು.

"ನೀವು ಕಳಿಸೋ ಮೆಸೇಜು ಹೊರಡೋವಾಗ್ಲೇ ಬೀಗ ಹಾಕ್ಕಂಡು ಹೋಗ್ತತೆ," ಎಂದಳು ರಮ್ಯಾ. "ಕೀಲಿ ಇರೋದು ಎರಡೇ ಕಡೆ. ಕಳಿಸಿದೋರ ಫೋನಲ್ಲಿ, ತಗಂಡೋರ ಫೋನಲ್ಲಿ. ನಡುವೆ ಕಂಪನಿಯೋರಿಗೂ ಓದಾಕೆ ಬರಲ್ಲ."

"ಪೊಲೀಸ್ನೋರಿಗೆ?" ಎಂದಳು ಕುರಿ ಸಾಕುವ ಮನೆಯ ಹುಚ್ಚಕ್ಕ.

"ಅದೇ ಈಗ ದೊಡ್ಡ ಜಗಳ ಅಕ್ಕ. ಕಳ್ಳರನ್ನ ಹಿಡಿಯಾಕೆ ಸರ್ಕಾರದ ಕೈಲೂ ಒಂದು ಕೀಲಿ ಇರ್ಲಿ ಅಂತಾರೆ ಕೆಲವ್ರು. ಮೂರನೇ ಕೀಲಿ ಮಾಡಿದ್ರೆ ಒಂದಿನ ಅದು ಕಳ್ಳರ ಕೈಗೇ ಸಿಗ್ತತೆ ಅಂತಾರೆ ಇನ್ನು ಕೆಲವ್ರು. ಇಂಟರ್ನೆಟ್ಟಲ್ಲಿ ಹಗಲೂ ರಾತ್ರಿ ಇದೇ ವಾದ."

ಮರುಳಸಿದ್ದಮ್ಮನಿಗೆ ತಡೆಯಲಾಗಲಿಲ್ಲ. "ತಪ್ಪು ಮಾಡದೋರಿಗೆ ಬೀಗ ಯಾಕೆ ಬೇಕಮ್ಮ? ನನ್ನ ಫೋನಿಗೆ ಬೀಗಾನೇ ಇಲ್ಲ. ಯಾರು ಬೇಕಾದ್ರೂ ನೋಡ್ಲಿ."

"ನಿನ್ನ ಫೋನಲ್ಲಿ ನೋಡಾಕೆ ಏನೈತೆ? ಶಿವಕುಮಾರಪ್ಪ ಕಳಿಸಿರೋ ಗುಡ್ ಮಾರ್ನಿಂಗ್ ಹೂವು," ಎಂದಳು ಹುಚ್ಚಕ್ಕ. ಹೆಂಗಸರೆಲ್ಲ ನಕ್ಕರು.

ರಮ್ಯಾ ನಗಲಿಲ್ಲ. "ಬಚ್ಚಲಿಗೆ ಬಾಗಿಲು ಇಡ್ತೀವಲ್ಲ ಅಕ್ಕ. ಒಳಗೆ ತಪ್ಪು ಮಾಡ್ತೀವಿ ಅಂತ ಇಡ್ತೀವಾ?"

ಆಮೇಲೆ ಅವಳು ಒಂದು ಎಚ್ಚರಿಕೆಯನ್ನೂ ಹೇಳಿದಳು. ಎಂಥ ಬೀಗವಿದ್ದರೂ, ಬಿಚ್ಚಿದ ಫೋನು ಐದು ನಿಮಿಷ ಬೇರೆಯವರ ಕೈಗೆ ಸಿಕ್ಕರೆ ಸಾಕು, ನಮ್ಮ ವಾಟ್ಸಾಪನ್ನು ಅವರು ತಮ್ಮ ಟ್ಯಾಬಿಗೋ ಕಂಪ್ಯೂಟರಿಗೋ ಜೋಡಿಸಿಕೊಳ್ಳಬಹುದು. ಆಮೇಲೆ ನಮಗೆ ಬರುವುದೆಲ್ಲ ಅವರಿಗೂ ಕಾಣುತ್ತದೆ. ಹೇಗೆ ಜೋಡಿಸುತ್ತಾರೆ, ಹೇಗೆ ಬಿಡಿಸಬೇಕು, ಎರಡನ್ನೂ ಮಾಡಿ ತೋರಿಸಿದಳು. ಉಳಿದವರು ಬಿಡಿಸುವುದನ್ನು ನೋಡಿದರು. ಮರುಳಸಿದ್ದಮ್ಮ ಜೋಡಿಸುವುದನ್ನು ನೋಡಿದಳು.

ಕಾವ್ಯ ಫೋನಿನ ಮೇಲೆ ಬೆರಳಿನಿಂದ ಎಳೆಯುವ ಗೆರೆ ಮರುಳಸಿದ್ದಮ್ಮನಿಗೆ ಆಗಲೇ ಗೊತ್ತಿತ್ತು. ದಿನಾ ಬೆಳಿಗ್ಗೆ ಚುಕ್ಕಿ ಇಟ್ಟು ರಂಗೋಲಿ ಬಿಡುವವಳಿಗೆ ಒಂಬತ್ತು ಚುಕ್ಕಿಯ ಗೆರೆ ಒಮ್ಮೆ ಕಂಡರೆ ಮರೆಯುವುದಿಲ್ಲ. ಮರುದಿನ ಕಾವ್ಯ ತಲೆ ತೊಳೆಯಲು ಹೋದಾಗ ಮರುಳಸಿದ್ದಮ್ಮ ಅವಳ ಫೋನಿನ ಬೀಗ ಬಿಚ್ಚಿ ವಾಟ್ಸಾಪನ್ನು ಸಂಘದ ಟ್ಯಾಬಿಗೆ ಜೋಡಿಸಿದಳು. 'ಹೊಸ ಸಾಧನ ಸೇರಿದೆ' ಎಂಬ ಸೂಚನೆ ಬಂತು. ಅದನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದಳು.

ಹಿತ್ತಲಲ್ಲಿ ತೆಂಗಿನ ಮಟ್ಟೆಯ ರಾಶಿಯ ಪಕ್ಕ ಕೂತು ಓದಿದಳು. ಆಸ್ಪತ್ರೆಯ ನರ್ಸಿಗೂ ಕಾವ್ಯಳಿಗೂ ನಡೆದ ಮಾತು. ಅತ್ತೆಯ ಗರ್ಭಕೋಶ ಕೆಳಗೆ ಜಾರಿದೆ. ಎರಡು ವರ್ಷದಿಂದ ನೋವು. ಕೂತರೆ ಏಳಲಾಗದು, ಕೆಮ್ಮಿದರೆ ಬಟ್ಟೆ ಒದ್ದೆ. ಸೋಮವಾರ ಆಪರೇಷನ್. 'ಯಾರಿಗೂ ಗೊತ್ತಾಗಬಾರದು ಅಂತ ಅತ್ತೆ ಆಣೆ ಹಾಕಿಸಿಕೊಂಡಿದ್ದಾರೆ,' ಎಂದು ಕಾವ್ಯ ಬರೆದಿದ್ದಳು.

ಮರುಳಸಿದ್ದಮ್ಮನಿಗೆ ಅತ್ತೆಯ ಮೇಲೆ ಮೊದಲು ಹುಟ್ಟಿದ್ದು ಕನಿಕರವಲ್ಲ. ಇಪ್ಪತ್ತೆರಡು ವರ್ಷ ಕಾಲೊತ್ತಿದ ನನಗೆ ಹೇಳದೆ ಇವಳಿಗೆ ಹೇಳಿದರಲ್ಲ ಎಂಬ ಉರಿ. ಅವಳು ಮೇಲಿನಿಂದ ಕೆಳಗಿನವರೆಗೆ ತನ್ನ ಹೆಸರು ಹುಡುಕಿದಳು. ಎಲ್ಲೂ ಇರಲಿಲ್ಲ. ತನ್ನನ್ನು ಬೈದು ಒಂದು ಮಾತು ಬರೆದಿದ್ದರೂ ಅಷ್ಟು ನೋಯುತ್ತಿರಲಿಲ್ಲವೇನೋ. ನಾಳೆಯಾದರೂ ತನ್ನ ಸುದ್ದಿ ಬರಬಹುದು ಎಂದು ಟ್ಯಾಬಿನಿಂದ ಅದನ್ನು ಬಿಡಿಸದೆ ಹಾಗೇ ಇಟ್ಟುಕೊಂಡಳು.

ಗುರುವಾರ ಮತ್ತೆ ಸಭೆ. ಶಾಲೆಯ ಕೋಣೆಯಲ್ಲಿ ರಮ್ಯಾ ಟ್ಯಾಬನ್ನು ಗೋಡೆಗೆ ಒರಗಿಸಿ ವಿಡಿಯೊ ಹಚ್ಚಿದಳು. ಹದಿನಾಲ್ಕು ಹೆಂಗಸರು ಸುತ್ತ ಕೂತಿದ್ದರು. ಹಾಲಮ್ಮ ಹಿಂದೆ ಗೋಡೆಗೆ ಒರಗಿದ್ದರು, ಕಾವ್ಯ ಪಕ್ಕದಲ್ಲಿದ್ದಳು. ವಿಡಿಯೊ ನಡುವೆ ಟಿಣ್ ಎಂದು ಸದ್ದಾಗಿ ಮೇಲೆ ನರ್ಸಿನ ಮೆಸೇಜಿನ ಪಟ್ಟಿಯೊಂದು ಮೂಡಿತು.

ಹುಚ್ಚಕ್ಕ ಓದಲು ಕಲಿತದ್ದು ಐವತ್ತರ ಮೇಲೆ. ಅಂದಿನಿಂದ ಬಸ್ಸಿನ ಬೋರ್ಡೇ ಇರಲಿ, ಸೋಪಿನ ಪೊಟ್ಟಣವೇ ಇರಲಿ, ಕಣ್ಣಿಗೆ ಬಿದ್ದದ್ದನ್ನು ಗಟ್ಟಿಯಾಗಿ ಓದಿಯೇ ತೀರುವ ಅಭ್ಯಾಸ ಅವಳಿಗೆ.

"ಹಾಲಮ್ಮನವರ... ಗರ್ಭಕೋಶದ... ಆಪರೇಷನ್... ಸೋಮವಾರ ಬೆಳಿಗ್ಗೆ..." ಎಂದು ಬೆರಳಿಟ್ಟು ಓದಿ, ಅರ್ಥವಾದ ಮೇಲೆ ಬಾಯಿ ಮುಚ್ಚಿಕೊಂಡಳು.

ಹಾಲಮ್ಮ ಗೋಡೆ ಹಿಡಿದು ಎದ್ದರು. ಕಾವ್ಯಳತ್ತ ತಿರುಗಿ, "ಊರಿಗೆಲ್ಲ ತೋರಿಸಿದೇನೇ ನನ್ನ ಮಾನಾನ?" ಎಂದರು. ಅಷ್ಟೇ. ಒಬ್ಬರೇ ಮನೆಗೆ ನಡೆದರು.

ರಮ್ಯಾ ಟ್ಯಾಬ್ ಎತ್ತಿ ನೋಡಿದಳು. ಆಮೇಲೆ ಮರುಳಸಿದ್ದಮ್ಮನ ಮುಖ ನೋಡಿದಳು. "ಅಕ್ಕ, ಹೇಳಬೇಕಾದೋರು ನಾನಲ್ಲ," ಎಂದು ಮೆಲ್ಲಗೆ ಹೇಳಿ ಟ್ಯಾಬ್ ಚೀಲಕ್ಕೆ ಹಾಕಿದಳು.

ಮರುಳಸಿದ್ದಮ್ಮ ಹೇಳಲಿಲ್ಲ. ಶುಕ್ರವಾರವೂ ಹೇಳಲಿಲ್ಲ. ಹಾಲಮ್ಮ ಆಸ್ಪತ್ರೆಗೆ ಬರುವುದಿಲ್ಲವೆಂದು ಹಟ ಹಿಡಿದರು. ಕಾವ್ಯ ಅಳುತ್ತ, "ನಾನಲ್ಲ ಅತ್ತೆ, ನನಗೇ ಗೊತ್ತಿಲ್ಲ," ಎಂದರೆ ಮುಖ ತಿರುಗಿಸಿದರು. ನೀರು ಬೇಕಾದರೆ, "ಲೇ ಸಿದ್ದಮ್ಮ," ಎಂದು ಹಿರಿಸೊಸೆಯನ್ನೇ ಕರೆದರು. ಮುದ್ದೆಯ ತಟ್ಟೆಯನ್ನು ಅವಳ ಕೈಯಿಂದಲೇ ತೆಗೆದುಕೊಂಡರು. ಎಷ್ಟು ದಿನವಾಗಿತ್ತು ಹಾಗೆ ಕರೆದು. ಮರುಳಸಿದ್ದಮ್ಮನಿಗೆ ನಾಚಿಕೆಯ ಜೊತೆಗೇ ಒಂದು ಸಿಹಿಯೂ ಇತ್ತು. ಆ ಸಿಹಿಗೋಸ್ಕರ ಅವಳು ಇನ್ನೂ ಒಂದು ದಿನ ಸುಮ್ಮನಿದ್ದಳು.

ಶನಿವಾರ ಬೆಳಿಗ್ಗೆ ಹಾಲಮ್ಮ ಹೊಸ್ತಿಲ ಮೇಲೆ ಕೂರಲು ಹೋಗಿ, ಕೂರಲಾಗದೆ ಬಾಗಿಲ ಚೌಕಟ್ಟು ಹಿಡಿದು ಹಾಗೇ ನಿಂತರು. ತುಟಿ ಕಚ್ಚಿದ್ದರು. ಮರುಳಸಿದ್ದಮ್ಮ ಓಡಿಬಂದು ಹಿಡಿದಳು.

"ನಿನ್ನ ಹತ್ರಾನೇ ಹೇಳಬೇಕಾಗಿತ್ತು ಕಣೆ," ಎಂದರು ಹಾಲಮ್ಮ. "ನಿನಗೆ ಹೇಳಿದ್ರೆ ಹೊರಗೆ ಹೋಗ್ತಿರಲಿಲ್ಲ."

ಇಷ್ಟು ದಿನ ಕೇಳಬೇಕೆಂದು ಹಂಬಲಿಸಿದ ಮಾತು ಅದೇ. ಅದು ಕಿವಿಗೆ ಬಿದ್ದ ಕೂಡಲೇ ಅವಳಿಗೆ ಸುಮ್ಮನಿರಲಾಗಲಿಲ್ಲ.

"ಹೊರಗೆ ಹಾಕಿದ್ದು ನಾನೇ ಅತ್ತೆ. ಕಾವ್ಯನ ಫೋನಿನ ಬೀಗ ಬಿಚ್ಚಿ ಸಂಘದ ಟ್ಯಾಬಿಗೆ ಜೋಡಿಸಿದ್ದೆ. ಅವಳು ಯಾರಿಗೂ ಹೇಳಿಲ್ಲ. ಆಣೆ ಮುರಿದಿಲ್ಲ."

"ಯಾಕೆ?"

"ಹೊಟ್ಟೆಕಿಚ್ಚಿಗೆ."

ಹಾಲಮ್ಮ ಅವಳ ಕೈಯನ್ನು ತಮ್ಮ ತೋಳಿನಿಂದ ಬಿಡಿಸಿದರು. "ಕಾವ್ಯನ್ನ ಕರಿ. ಸೋಮವಾರ ಬರ್ತೀವಿ ಅಂತ ನರ್ಸಮ್ಮಂಗೆ ಹೇಳ್ಲಿ," ಎಂದರು.

ಕಾವ್ಯ ಅಡುಗೆಮನೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಅಕ್ಕ, ಕೇಳಿದ್ರೆ ಹೇಳಾಕೆ ಆಗ್ತಿರಲಿಲ್ಲ ನಿಜ. ಆದ್ರೆ ನಿಮ್ಮನ್ನೂ ಸೇರಿಸ್ಕಳಾಣ ಅಂತ ಅತ್ತೆಗೆ ಕೇಳ್ತಿದ್ದೆ," ಎಂದಳು. ಬೈದಿದ್ದರೆ ಮರುಳಸಿದ್ದಮ್ಮನಿಗೆ ಹಗುರಾಗುತ್ತಿತ್ತು.

ಆ ಸಂಜೆ ಕಾವ್ಯ ಜೋಡಣೆ ಬಿಡಿಸಿದಳು, ಗೆರೆ ಬದಲಿಸಿದಳು. ಬದಲಿಸುವಾಗ ಮರುಳಸಿದ್ದಮ್ಮ ತಾನಾಗಿಯೇ ಬೆನ್ನು ತಿರುಗಿಸಿ ನಿಂತಳು. ಶಿವಕುಮಾರಪ್ಪ ತನ್ನ ಫೋನು ಚಾಚಿ, "ನನ್ನದ್ರಾಗೂ ಯಾರಾದ್ರೂ ಕುಂತವ್ರಾ ನೋಡಮ್ಮ," ಎಂದ. ನೋಡಿದರೆ, ಎಂದೋ ಅರ್ಜಿ ಹಾಕಲು ಹೋದ ಅಂಗಡಿಯ ಕಂಪ್ಯೂಟರೊಂದು ಎಂಟು ತಿಂಗಳಿಂದ ಅದರಲ್ಲಿ ಹಾಗೇ ಕೂತಿತ್ತು. ಮನೆಯಲ್ಲಿ ಎಂಥಾ ಗುಟ್ಟು ಎಂದು ಅವನು ಮತ್ತೆ ಕೇಳಲಿಲ್ಲ.

ಸೋಮವಾರ ಆಟೊದಲ್ಲಿ ಹಾಲಮ್ಮನ ಪಕ್ಕ ಕೂತವಳು ಕಾವ್ಯ. ಮರುಳಸಿದ್ದಮ್ಮ ಅತ್ತೆಯ ಬಟ್ಟೆಯ ಗಂಟನ್ನು ಒಳಗಿಟ್ಟು ಕೆಳಗೆ ನಿಂತಳು. ಅವಳ ಹೊಟ್ಟೆಕಿಚ್ಚು ಆರಿಹೋಯಿತು ಎಂದರೆ ಸುಳ್ಳಾದೀತು. ಆಟೊ ತಿರುವು ದಾಟುವವರೆಗೆ ಅದು ಉರಿಯುತ್ತಲೇ ಇತ್ತು. ಆದರೆ ಅತ್ತೆ ಆಸ್ಪತ್ರೆಗೆ ಹೋದರು.

ಅಕ್ಕತಂಗಿಯರೇ, ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಫೋನು ಕೈಗೆ ತೆಗೆದುಕೊಳ್ಳಿ. ವಾಟ್ಸಾಪಿನ ಮೂಲೆಯ ಮೂರು ಚುಕ್ಕಿ ಒತ್ತಿದರೆ 'ಲಿಂಕ್ಡ್ ಡಿವೈಸಸ್' ಎಂಬ ಸಾಲು ಸಿಗುತ್ತದೆ. ಅಲ್ಲಿ ನಿಮಗೆ ಗೊತ್ತಿಲ್ಲದ ಹೆಸರಿದ್ದರೆ ಅದನ್ನು ಒತ್ತಿ 'ಲಾಗ್ ಔಟ್' ಮಾಡಿ, ಫೋನಿನ ಬೀಗವನ್ನು ಆ ದಿನವೇ ಬದಲಿಸಿ. ಹೇಗೆಂದು ಗೊತ್ತಾಗದಿದ್ದರೆ ಸಂಘದಲ್ಲಿ ಕೇಳಿ, ನಾಚಿಕೆ ಬೇಡ. ಮತ್ತೆ, ನಿಮ್ಮ ಮನೆಯಲ್ಲಿ ಯಾರದ್ದಾದರೂ ಫೋನಿಗೆ ಬೀಗವಿದ್ದರೆ, ಅದರ ಹಿಂದೆ ತಪ್ಪೇ ಇರಬೇಕೆಂದು ತಿಳಿಯಬೇಡಿ. ಹೇಳಿಕೊಳ್ಳಲಾಗದ ನೋವು ಇರಬಹುದು. ಅವರು ಹೇಳುವವರೆಗೆ ಕಾಯುವುದು ಕಷ್ಟ. ಆದರೂ ಕಾಯಿರಿ.